ಎಲಿಯಟ್ ಕೌಂಟಿ, ಕೆಂಟಕಿ: 2012ರವರೆಗೆ ಪ್ರತಿ ಸಲವೂ ಡೆಮಾಕ್ರಟಿಕ್, ಈಗ ಐದರಲ್ಲಿ ನಾಲ್ಕು ಮತ ರಿಪಬ್ಲಿಕನ್. ತಿರುವು ನಿಜವಾಗಿ ಯಾವ ವರ್ಷ?

ಲೆಕ್ಕಿಗ:
ಅಮೆರಿಕದ ಚುನಾವಣೆ ಬಂದಾಗಲೆಲ್ಲ ಈ ಕೌಂಟಿಯ (ರಾಜ್ಯದೊಳಗಿನ ನಮ್ಮ ಜಿಲ್ಲೆಯಂಥ ಘಟಕ) ಹೆಸರು ಒಮ್ಮೆ ಕೇಳಿಬರುತ್ತದೆ. ಈಶಾನ್ಯ ಕೆಂಟಕಿಯ ಗುಡ್ಡಗಾಡು, ಕೌಂಟಿ ಕೇಂದ್ರ ಸ್ಯಾಂಡಿ ಹುಕ್, ಒಟ್ಟು ಜನಸಂಖ್ಯೆ ಏಳು ಸಾವಿರ ಚಿಲ್ಲರೆ. ಕಾರ್ಟರ್, ಲಾರೆನ್ಸ್, ಮಾರ್ಗನ್ ಕೌಂಟಿಗಳಿಂದ ತುಂಡು ತೆಗೆದು 1869ರಲ್ಲಿ ಮಾಡಿದ್ದು. 1872ರ ಚುನಾವಣೆಯಿಂದ 2012ರವರೆಗೆ ಅಧ್ಯಕ್ಷ ಸ್ಥಾನಕ್ಕೆ ಒಮ್ಮೆಯೂ ರಿಪಬ್ಲಿಕನ್ ಅಭ್ಯರ್ಥಿಯನ್ನು ಗೆಲ್ಲಿಸಲಿಲ್ಲ. 1972ರಲ್ಲಿ ಡೆಮಾಕ್ರಟಿಕ್ ಅಭ್ಯರ್ಥಿ ಮೆಕ್‌ಗವರ್ನ್ ದೇಶದಲ್ಲಿ ಮ್ಯಾಸಚೂಸೆಟ್ಸ್ ಮತ್ತು ವಾಷಿಂಗ್ಟನ್ ಡಿ.ಸಿ. ಬಿಟ್ಟು ಎಲ್ಲೆಡೆ ಮಣ್ಣು ಮುಕ್ಕಿದಾಗಲೂ ಇಲ್ಲಿ ಅವರಿಗೆ ಸುಮಾರು ಶೇ 65. 1984ರಲ್ಲಿ ಅದೇ ಪಕ್ಷದ ಮಾಂಡೇಲ್‌ಗೆ ಶೇ 70ಕ್ಕೂ ಹೆಚ್ಚು. 2016ರಲ್ಲಿ ಟ್ರಂಪ್ ಶೇ 70, ಹಿಲರಿ ಕ್ಲಿಂಟನ್ ಶೇ 26.

ಎಲ್ಲರೂ ಬರೆಯುವುದು ಇಷ್ಟೇ: ಟ್ರಂಪ್ ಬಂದರು, ಕೌಂಟಿ ಮಗುಚಿತು. ಶೇಕಡಾವಾರು ಬಿಟ್ಟು ಮತಗಳ ಎಣಿಕೆಯನ್ನೇ ಎದುರಿಗಿಟ್ಟುಕೊಂಡರೆ ಈ ಕಥೆ ನಿಲ್ಲುವುದಿಲ್ಲ. ಹತ್ತರ ಸಮೀಪಕ್ಕೆ ಹೊಂದಿಸಿ ಕೊಡುತ್ತಿದ್ದೇನೆ (ಮೊದಲು ಡೆಮಾಕ್ರಟಿಕ್, ನಂತರ ರಿಪಬ್ಲಿಕನ್):

2004: 2,060 – 870
2008: 1,530 – 900
2012: 1,190 – 1,130
2016: 740 – 2,000
2020: 710 – 2,250

2004ರಿಂದ 2008ಕ್ಕೆ ಡೆಮಾಕ್ರಟಿಕ್ ಪಕ್ಷ ಕಳೆದುಕೊಂಡದ್ದು 530 ಮತ. ರಿಪಬ್ಲಿಕನ್ ಪಕ್ಷ ಗಳಿಸಿದ್ದು ಬರೀ 30. ಉಳಿದ 500 ಮತ ಎಲ್ಲಿ? ಬಹುಪಾಲು ಪೆಟ್ಟಿಗೆಗೇ ಬೀಳಲಿಲ್ಲ. 2012ರಲ್ಲಿ ಇನ್ನೂ 340 ಕಳೆದರು, ಎದುರಾಳಿಗೆ ಸೇರಿದ್ದು 230. 2016ರಲ್ಲಿ ಮಾತ್ರ ಲೆಕ್ಕ ಉಲ್ಟಾ: ಕಳೆದದ್ದು 450, ಎದುರಾಳಿಗೆ ಸೇರಿದ್ದು 870.

ಎರಡೂ ಪಕ್ಷಗಳ ಮೊತ್ತ ನೋಡಿ. 2004ರಲ್ಲಿ 2,930, 2012ರಲ್ಲಿ 2,320ಕ್ಕೆ ಇಳಿಯಿತು, 2016ರಲ್ಲಿ 2,740, 2020ರಲ್ಲಿ 2,960. ಹದಿನಾರು ವರ್ಷದಲ್ಲಿ ಮೊತ್ತ ಹೊರಟಲ್ಲಿಗೇ ಬಂತು, ಪಕ್ಷ ಮಾತ್ರ ಬದಲು. ನನ್ನ ವಾದ ಇದು: ಈ ಕೌಂಟಿ 2016ರಲ್ಲಿ ಮಗುಚಲಿಲ್ಲ. 2008ರಲ್ಲಿ ಒಂದಷ್ಟು ಜನ ಮನೆಯಲ್ಲೇ ಕುಳಿತರು, 2016ರಲ್ಲಿ ಹೊರಗೆ ಬಂದವರು ಇನ್ನೊಂದು ಬಾಗಿಲಿನಿಂದ ಬಂದರು. ತಪ್ಪಿದ್ದರೆ ಹೇಳಿ.

ಸಂಶಯಪಿಶಾಚಿ:
ತಪ್ಪಿದೆ ಅನ್ನಲಾರೆ, ಆದರೆ ಹಾರಿದ್ದೀರಿ. ಮನೆಯಲ್ಲಿ ಕುಳಿತವರೇ ಮರಳಿ ಬಂದರು ಎಂದು ಮೊತ್ತದಿಂದ ಹೇಳಲು ಬರುವುದಿಲ್ಲ. ಮೊತ್ತ ಜನರ ಗುಂಪಿನದ್ದು, ನೀವು ಹೇಳುತ್ತಿರುವುದು ಒಬ್ಬೊಬ್ಬ ಮತದಾರನ ನಡೆ. ಹನ್ನೆರಡು ವರ್ಷದಲ್ಲಿ ಹಳಬರು ತೀರಿಕೊಂಡಿರುತ್ತಾರೆ, ಹದಿನೆಂಟು ತುಂಬಿದವರು ಬಂದಿರುತ್ತಾರೆ, ಕೆಲವರು ಲೆಕ್ಸಿಂಗ್ಟನ್‌ಗೋ ಓಹಾಯೋಗೋ ಹೋಗಿರುತ್ತಾರೆ. 70 ವರ್ಷದ ಡೆಮಾಕ್ರಟಿಕ್ ಅಜ್ಜ ಹೋಗಿ, ಅವರ ಮೊಮ್ಮಗ ಮೊದಲ ಮತವನ್ನು ಟ್ರಂಪ್‌ಗೆ ಹಾಕಿದರೂ ನಿಮ್ಮ ಪಟ್ಟಿಯಲ್ಲಿ ಅದು "ಮತಾಂತರ" ಅಂತಲೇ ಕಾಣುತ್ತದೆ.

ಖಚಿತವಾಗಿ ಹೇಳಬಹುದಾದದ್ದು ಒಂದೇ. 2012ರಲ್ಲಿ ಸಣ್ಣ ಪಕ್ಷಗಳೂ ಸೇರಿ ಸುಮಾರು 2,400 ಮತ, 2016ರಲ್ಲಿ ಸುಮಾರು 2,850. ಹಾಗಾದರೆ 2016ರಲ್ಲಿ ಮತ ಹಾಕಿದವರಲ್ಲಿ ಕನಿಷ್ಠ 450 ಜನ 2012ರಲ್ಲಿ ಇಲ್ಲಿ ಮತ ಹಾಕಿರಲಿಲ್ಲ. ಸತ್ತವರು, ಊರು ಬಿಟ್ಟವರನ್ನು ಕಳೆದರೆ ಆ ಸಂಖ್ಯೆ ಇನ್ನೂ ಏರುತ್ತದೆ. ಇದು ಕೆಳಮಿತಿ, ಇದರ ಮೇಲೆ ಹೇಳುವುದೆಲ್ಲ ಊಹೆ.

ಲೆಕ್ಕಿಗ:
ಒಪ್ಪಿದೆ. "ಮರಳಿ ಬಂದವರು" ಅನ್ನುವ ಬದಲು "2012ರಲ್ಲಿ ಹಾಕದವರು" ಎಂದು ಓದಿಕೊಳ್ಳಿ. ಆದರೂ 2008ರ 500 ನಿಮ್ಮ ಅಜ್ಜ-ಮೊಮ್ಮಗನ ಲೆಕ್ಕದಲ್ಲಿ ಅಡಗುವುದಿಲ್ಲ. ನಾಲ್ಕೇ ವರ್ಷದಲ್ಲಿ ಆರರಲ್ಲಿ ಒಂದು ಮತ ಮಾಯ, ಅದೂ ದೇಶವೆಲ್ಲ ಉತ್ಸಾಹದಿಂದ ಮತಗಟ್ಟೆಗೆ ಹೋದ ವರ್ಷ.

ನಕಾಶೆಗಾರ:
ಇದಕ್ಕೆ ಇನ್ನೊಂದು ಅಳತೆಗೋಲು ಹಿಡಿಯಿರಿ, ದೇಶದ ಅಂತರವನ್ನು ಕಳೆದು ನೋಡಿ. ಹೊಸಬರಿಗೆ ಕ್ರಮ ಬರೆಯುತ್ತೇನೆ.

ಮೊದಲು ಕೌಂಟಿಯ ಅಂತರ: ಡೆಮಾಕ್ರಟಿಕ್ ಶೇಕಡಾದಿಂದ ರಿಪಬ್ಲಿಕನ್ ಶೇಕಡಾ ಕಳೆಯಿರಿ. ಆ ವರ್ಷದ ಇಡೀ ದೇಶದ ಅಂತರವನ್ನು ಅದರಿಂದ ಕಳೆಯಿರಿ. ಉಳಿಯುವುದು "ದೇಶಕ್ಕೆ ಹೋಲಿಸಿದರೆ ಕೌಂಟಿ ಎಷ್ಟು ವಾಲಿದೆ" ಅನ್ನುವುದು.

2004: ಎಲಿಯಟ್ ಡೆಮಾಕ್ರಟಿಕ್ +40, ದೇಶ ರಿಪಬ್ಲಿಕನ್ +2.5. ವಾಲಿಕೆ ಡೆಮಾಕ್ರಟಿಕ್ ಕಡೆಗೆ ಸುಮಾರು 43.
2008: ಎಲಿಯಟ್ +25, ದೇಶ ಡೆಮಾಕ್ರಟಿಕ್ +7. ವಾಲಿಕೆ 18.
2012: ಎಲಿಯಟ್ +2.5, ದೇಶ +4. ವಾಲಿಕೆ ರಿಪಬ್ಲಿಕನ್ ಕಡೆಗೆ 1 ಚಿಲ್ಲರೆ.
2016: ಎಲಿಯಟ್ ರಿಪಬ್ಲಿಕನ್ +44, ದೇಶ ಡೆಮಾಕ್ರಟಿಕ್ +2. ವಾಲಿಕೆ ರಿಪಬ್ಲಿಕನ್ 46.
2020: ವಾಲಿಕೆ ರಿಪಬ್ಲಿಕನ್ 55 ದಾಟಿತು.

2008ರ ಸಾಲನ್ನು ಇನ್ನೊಮ್ಮೆ ಓದಿ. ಒಬಾಮಾ ಶೇ 61 ತೆಗೆದುಕೊಂಡು ಗೆದ್ದರು, ಪತ್ರಿಕೆಗಳಿಗೆ ಅದು ಸುದ್ದಿಯೇ ಅಲ್ಲ. ಆದರೆ ದೇಶ ಸುಮಾರು 10 ಅಂಶ ಎಡಕ್ಕೆ (ಡೆಮಾಕ್ರಟಿಕ್ ಕಡೆಗೆ) ಸರಿದಾಗ ಈ ಕೌಂಟಿ 15 ಅಂಶ ಬಲಕ್ಕೆ (ರಿಪಬ್ಲಿಕನ್ ಕಡೆಗೆ) ಸರಿಯಿತು. ಒಟ್ಟು 25 ಅಂಶದ ಬಿರುಕು ಗೆಲುವಿನ ಕೆಳಗೆ ಮುಚ್ಚಿಹೋಯಿತು. 2012ರಲ್ಲಿ ಸುಮಾರು 60 ಮತಗಳಿಂದ "ಉಳಿಸಿಕೊಂಡರು" ಅನ್ನುವಾಗ ಎಲಿಯಟ್ ಅಮೆರಿಕದ ಸರಾಸರಿ ಕೌಂಟಿಯಾಗಿತ್ತು, ಡೆಮಾಕ್ರಟಿಕ್ ಕೋಟೆಯಲ್ಲ. ಬಣ್ಣ ಹಚ್ಚಿದ ನಕಾಶೆಯ ದೊಡ್ಡ ದೋಷ ಇದೇ. 60 ಮತದ ಗೆಲುವಿಗೂ 1,200 ಮತದ ಗೆಲುವಿಗೂ ಒಂದೇ ಡೆಮಾಕ್ರಟಿಕ್ ನೀಲಿ.

ಹೊಸಬ:
ಸರ್, ಮೂರನೇ ಅಭ್ಯರ್ಥಿ ಇದ್ದರೆ ಶೇಕಡಾ ಕೆಡುವುದಿಲ್ಲವೇ? 1992ರಲ್ಲಿ ರಾಸ್ ಪೆರೋ ಇದ್ದರಲ್ಲ?

ನಕಾಶೆಗಾರ:
ಕೆಡುತ್ತದೆ. ಪೆರೋ 1992ರಲ್ಲಿ ದೇಶದಲ್ಲಿ ಶೇ 19ರ ಹತ್ತಿರ ತೆಗೆದರು, 1996ರಲ್ಲಿ ಶೇ 8. ಆ ಎರಡು ವರ್ಷಗಳನ್ನು 1988ರ ಜೊತೆ ಹಾಗೆಯೇ ಹೋಲಿಸಿದರೆ ಎರಡೂ ಪಕ್ಷ ಕುಸಿದಂತೆ ಕಾಣುತ್ತದೆ. ಅಂಥ ಕಡೆ ಎರಡು ಪಕ್ಷಗಳ ಪಾಲು ಬಳಸಿ. ಡೆಮಾಕ್ರಟಿಕ್ ಮತವನ್ನು ಎರಡೂ ಪಕ್ಷಗಳ ಮೊತ್ತದಿಂದ ಭಾಗಿಸಿ. 2012ಕ್ಕೆ 1,190ನ್ನು 2,320ರಿಂದ ಭಾಗಿಸಿದರೆ ಶೇ 51, 2016ಕ್ಕೆ 740ನ್ನು 2,740ರಿಂದ ಭಾಗಿಸಿದರೆ ಶೇ 27. ಆದರೆ 1968ಕ್ಕೆ ಇದನ್ನು ಕಣ್ಣುಮುಚ್ಚಿ ಬಳಸಬೇಡಿ. ಆ ವರ್ಷ ಎರಡೂ ಪಕ್ಷದ ಹೊರಗೆ ನಿಂತ ಜಾರ್ಜ್ ವ್ಯಾಲೇಸ್ ದಕ್ಷಿಣದಲ್ಲಿ ಮೂರನೆಯವರಲ್ಲ, ಎಷ್ಟೋ ಕೌಂಟಿಯಲ್ಲಿ ಮೊದಲನೆಯವರು.

ಹೊಗೆಸೊಪ್ಪು:
ಎಣಿಕೆ ಸರಿ, ಕಾರಣಕ್ಕೆ ಬರೋಣ. ಈ ಕೌಂಟಿಯ ಬಗ್ಗೆ ಬರೆಯುವವರು ಕಲ್ಲಿದ್ದಲು ಕಲ್ಲಿದ್ದಲು ಅನ್ನುತ್ತಾರೆ. ಎಲಿಯಟ್ ದಕ್ಷಿಣದ ನಾಟ್, ಪೈಕ್, ಹಾರ್ಲನ್ ಥರದ ದೊಡ್ಡ ಗಣಿ ಕೌಂಟಿಯಲ್ಲ. ಇಲ್ಲಿಯ ಸಣ್ಣ ಹಿಡುವಳಿಗೆ ನಗದು ಕೊಡುತ್ತಿದ್ದುದು ಬರ್ಲಿ ತಂಬಾಕು. ಹುಣಸೂರು, ಪಿರಿಯಾಪಟ್ಟಣದ ಹೊಗೆಸೊಪ್ಪಿನ ಥರ ಬ್ಯಾರನ್‌ನಲ್ಲಿ ಬೆಂಕಿ ಹಾಕಿ ಹದ ಮಾಡುವ ಜಾತಿಯಲ್ಲ. ಗಿಡವನ್ನೇ ಬುಡಸಮೇತ ಕಡಿದು, ಕೋಲಿಗೆ ಸಿಕ್ಕಿಸಿ, ಗಾಳಿಯಾಡುವ ಮರದ ಕೊಟ್ಟಿಗೆಯಲ್ಲಿ ವಾರಗಟ್ಟಲೆ ನೇತುಹಾಕುವುದು. ಯಂತ್ರ ಒಪ್ಪದ ಬೆಳೆ, ಹಾಗಾಗಿ ಅರ್ಧ ಎಕರೆ ಒಂದು ಎಕರೆಯವನೂ ಬೆಳೆಯುತ್ತಿದ್ದ.

ಇದರ ರಾಜಕೀಯ ಎಲ್ಲಿದೆ ಅಂದರೆ ಕೋಟಾದಲ್ಲಿ. 1930ರ ದಶಕದ ರೂಸ್‌ವೆಲ್ಟ್ ಕಾಲದ ಕೃಷಿ ಕಾನೂನುಗಳಿಂದ ಬಂದ ವ್ಯವಸ್ಥೆ. ಸರ್ಕಾರ ಪ್ರತಿ ಹೊಲಕ್ಕೆ ಇಷ್ಟೇ ಬೆಳೆಯಬೇಕು ಎಂದು ಮಿತಿ ಹಾಕುತ್ತದೆ, ಪ್ರತಿಯಾಗಿ ಬೆಲೆ ಒಂದು ಮಟ್ಟಕ್ಕಿಂತ ಇಳಿಯದಂತೆ ನೋಡಿಕೊಳ್ಳುತ್ತದೆ. ಬರ್ಲಿಗೆ 1971ರಿಂದ ಮಿತಿ ಎಕರೆಯಲ್ಲಲ್ಲ, ಪೌಂಡ್‌ನಲ್ಲಿ. ಕೋಟಾ ಬೇಕೋ ಬೇಡವೋ ಎಂದು ಬೆಳೆಗಾರರೇ ಮತ ಹಾಕಿ ಮುಂದುವರಿಸುತ್ತಿದ್ದರು. ಅಂದರೆ ಪಕ್ಷದ ಹೆಸರು ಹೇಳದಿದ್ದರೂ "ಸರ್ಕಾರ ಇದ್ದರೆ ನಮ್ಮ ಸೊಪ್ಪಿಗೆ ಬೆಲೆ" ಅನ್ನುವ ಅನುಭವ ಎಪ್ಪತ್ತು ವರ್ಷ ಪ್ರತಿ ಡಿಸೆಂಬರ್ ಹರಾಜಿನಲ್ಲಿ ಕೈಗೆ ಸಿಗುತ್ತಿತ್ತು.

2004ರ ಅಕ್ಟೋಬರ್‌ನಲ್ಲಿ ಕಾಂಗ್ರೆಸ್ (ಅಮೆರಿಕದ ಸಂಸತ್ತು) ಅದನ್ನು ಮುಚ್ಚಿತು. ಕೋಟಾ ಒಡೆಯನಿಗೆ ಪೌಂಡ್‌ಗೆ 7 ಡಾಲರ್, ಬೆಳೆದವನಿಗೆ 3 ಡಾಲರ್, ಹತ್ತು ವಾರ್ಷಿಕ ಕಂತಿನಲ್ಲಿ, 2005ರಿಂದ 2014ರವರೆಗೆ. 2,000 ಪೌಂಡ್ ಕೋಟಾ ಇದ್ದು ತಾನೇ ಬೆಳೆಯುತ್ತಿದ್ದವನಿಗೆ ಒಟ್ಟು 20,000, ವರ್ಷಕ್ಕೆ 2,000 ಡಾಲರ್. ಸಣ್ಣವರು ಹಣ ತೆಗೆದುಕೊಂಡು ಬೆಳೆ ಬಿಟ್ಟರು. ದೊಡ್ಡವರು ಕಂಪನಿಗಳ ಜೊತೆ ನೇರ ಕರಾರು ಮಾಡಿಕೊಂಡರು.

ಈಗ ಲೆಕ್ಕಿಗರ ಪಟ್ಟಿಯನ್ನು ಇದರ ಪಕ್ಕ ಇಡಿ. ಕಂತುಗಳು 2014ಕ್ಕೆ ಮುಗಿದವು. 2016ರ ನವೆಂಬರ್‌ಗೆ ಆ ಹಳೆ ಕೊಂಡಿಯಿಂದ ಒಂದು ಡಾಲರ್ ಕೂಡ ಬರುತ್ತಿರಲಿಲ್ಲ.

ಸಂಶಯಪಿಶಾಚಿ:
ಚೆನ್ನಾಗಿದೆ. ಆದರೆ ಪಕ್ಕ ಇಟ್ಟ ಮಾತ್ರಕ್ಕೆ ಕಾರಣವಾಗುವುದಿಲ್ಲ. ಕೆಂಟಕಿಯ ನಡುಭಾಗದಲ್ಲೂ ಬರ್ಲಿ ಇತ್ತು, ಅಲ್ಲಿ ಎಷ್ಟೋ ಕೌಂಟಿ 2000ಕ್ಕೇ ಬುಷ್‌ಗೆ ಹಾಕಿದ್ದವು, ಕೋಟಾ ಇನ್ನೂ ಜೀವಂತವಿದ್ದಾಗಲೇ. ತಂಬಾಕು ಇಲ್ಲದ ವೆಸ್ಟ್ ವರ್ಜೀನಿಯ ರಾಜ್ಯದ ಗಣಿ ಕೌಂಟಿಗಳೂ ಇದೇ ದಾರಿ ಹಿಡಿದವು. ಅಯೋವಾದ ಹೋವರ್ಡ್ ಕೌಂಟಿಯಲ್ಲಿ ಬೆಳೆಯುವುದು ಮೆಕ್ಕೆಜೋಳ, ಸೋಯಾ. ಅಲ್ಲಿ 2012ರಲ್ಲಿ ಒಬಾಮಾ 20 ಅಂಶಕ್ಕಿಂತ ಹೆಚ್ಚು ಅಂತರದಿಂದ ಗೆದ್ದರು, 2016ರಲ್ಲಿ ಟ್ರಂಪ್ ಕೂಡ 20ಕ್ಕಿಂತ ಹೆಚ್ಚು. ಇಡೀ ದೇಶದಲ್ಲಿ ಹಾಗೆ ಎರಡೂ ಕಡೆ 20 ದಾಟಿದ ಕೌಂಟಿ ಅದೊಂದೇ.

ಹೊಗೆಸೊಪ್ಪು:
ತಂಬಾಕು ಒಂದೇ ಕಾರಣ ಎಂದು ಎಲ್ಲಿ ಹೇಳಿದೆ ಮಾರಾಯ್ರೆ? 2000ದ ಹೊತ್ತಿಗೇ ಬಹುಪಾಲು ಗ್ರಾಮೀಣ ಕೆಂಟಕಿ ಕೈಬಿಟ್ಟ ಪಕ್ಷವನ್ನು ಇವರು 2004ರಲ್ಲೂ ಶೇ 70 ಕೊಟ್ಟು ಹಿಡಿದುಕೊಂಡಿದ್ದೇಕೆ ಅನ್ನುವುದು ನನ್ನ ಪ್ರಶ್ನೆ. ಉತ್ತರದ ಒಂದು ಎಳೆ ತಂಬಾಕು. ಇನ್ನೊಂದು ಆಶ್‌ಲ್ಯಾಂಡ್ ಕಡೆಯ ಉಕ್ಕಿನ ಕಾರ್ಖಾನೆಯಂಥ, ಕಾರ್ಮಿಕ ಸಂಘ ಇರುವ ಕೆಲಸ. ಆ ಕಾರ್ಖಾನೆಯ ಊದುಕುಲುಮೆ 2015ರ ಡಿಸೆಂಬರ್‌ನಲ್ಲಿ ನಿಂತಿತು, ಮತ್ತೆ ಹೊತ್ತಲಿಲ್ಲ.

ಕಡಲತೀರ:
ಇಷ್ಟು ಹೊತ್ತಾದರೂ ಯಾರೂ ಬಾಯಿ ಬಿಡದ ವಿಷಯಕ್ಕೆ ಬರುತ್ತೇನೆ. 2008ರಲ್ಲಿ 25 ಅಂಶ ಬಿರುಕು ಬಿಟ್ಟಿತು ಅನ್ನುತ್ತೀರಿ. ಆ ವರ್ಷ ಅಭ್ಯರ್ಥಿ ಕಪ್ಪು ಜನಾಂಗದವರು. 2000ದ ಜನಗಣತಿಯ ಪ್ರಕಾರ ಕೌಂಟಿ ಹೆಚ್ಚುಕಡಿಮೆ ಪೂರ್ತಿ ಬಿಳಿಯರದ್ದು. ತಂಬಾಕಿನ ಕಂತಿಗೆ ಹೋಗುವ ಮೊದಲು ಇದನ್ನು ನೋಡಬೇಡವೇ?

ಆ ವರ್ಷದ ಮೇ ತಿಂಗಳ ಪ್ರಾಥಮಿಕ ಚುನಾವಣೆ (ಪಕ್ಷದ ಅಭ್ಯರ್ಥಿ ಯಾರೆಂದು ಮತದಾರರೇ ಆರಿಸುವುದು) ನೋಡಿ. ಕೆಂಟಕಿಯಲ್ಲಿ ಹಿಲರಿ ಸುಮಾರು ಶೇ 65, ಒಬಾಮಾ ಶೇ 30. ಪೂರ್ವದ ಗುಡ್ಡಗಾಡಿನಲ್ಲಿ ಅಂತರ ಅದಕ್ಕಿಂತ ಎಷ್ಟೋ ಹೆಚ್ಚು. ಆಗಲೇ ನಾಮನಿರ್ದೇಶನ ಒಬಾಮಾಗೆ ಅನ್ನುವುದು ಬಹುತೇಕ ನಿಶ್ಚಯವಾಗಿತ್ತು. 2012ರಲ್ಲಿ ಹಾಲಿ ಅಧ್ಯಕ್ಷರ ವಿರುದ್ಧ ಯಾರೂ ನಿಲ್ಲದಿದ್ದರೂ ರಾಜ್ಯದ ಡೆಮಾಕ್ರಟಿಕ್ ಪ್ರಾಥಮಿಕದಲ್ಲಿ "ಯಾರಿಗೂ ಬದ್ಧರಲ್ಲ" ಅನ್ನುವ ಚೌಕಕ್ಕೆ ಶೇ 42 ಬಿತ್ತು. ನವೆಂಬರ್‌ನಲ್ಲಿ ಏನಾಗಲಿದೆ ಅನ್ನುವ ಮುನ್ಸೂಚನೆ ಮೇ ತಿಂಗಳಲ್ಲೇ ಸಿಕ್ಕಿತ್ತು.

ಸಂಶಯಪಿಶಾಚಿ:
ಬಣ್ಣದ ಪಾತ್ರ ಇಲ್ಲ ಅನ್ನುವುದು ಕುರುಡುತನ. ಬಣ್ಣವೇ ಪೂರ್ತಿ ಅಂದರೆ ಮುಂದಿನದು ಹೊಂದುವುದಿಲ್ಲ. 2008ರ ಪ್ರಾಥಮಿಕದಲ್ಲಿ ಅಷ್ಟು ಬೇಕಾಗಿದ್ದ ಅದೇ ಹಿಲರಿ 2016ರಲ್ಲಿ ಎಲಿಯಟ್‌ನಲ್ಲಿ ಶೇ 26. ಕಾರ್ಮಿಕರ ಊರಾದ ಸ್ಕ್ರ್ಯಾಂಟನ್‌ನಲ್ಲಿ ಹುಟ್ಟಿದ ಬಿಳಿಯ ಬೈಡನ್ 2020ರಲ್ಲಿ ಶೇ 24. ಒಬಾಮಾ ಇಲ್ಲಿ ಪಡೆದ ಅತಿ ಕಡಿಮೆ ಪಾಲು ಶೇ 49. ಬಾಗಿಲು ತೆರೆದದ್ದು 2008 ಆಗಿರಬಹುದು, ಆದರೆ ಅಭ್ಯರ್ಥಿ ಬದಲಾದ ಮೇಲೂ ಜನ ಒಳಗೆ ಬರಲಿಲ್ಲ.

ಕಡಲತೀರ:
ಅದನ್ನೇ ಹೇಳುತ್ತಿದ್ದೇನೆ. ಒಮ್ಮೆ ಮನೆತನದ ಪಕ್ಷಕ್ಕೆ ಹಾಕದೆ ಬಿಟ್ಟವನಿಗೆ ಎರಡನೇ ಸಲ ಬಿಡುವುದು ಸುಲಭ. ಇಂಥ ಕಡೆ ಪಕ್ಷ ಅಂದರೆ ನೀತಿಯಲ್ಲ, ಮನೆತನ. ಅಂತರ್ಯುದ್ಧದಲ್ಲಿ ಯಾವ ಕಣಿವೆ ಯಾರ ಕಡೆ ನಿಂತಿತ್ತೋ ಅದರ ಮೇಲೆ ಪಕ್ಷ ಗಟ್ಟಿಯಾಯಿತು. ಜಾನ್ ಮಿಲ್ಟನ್ ಎಲಿಯಟ್ ಡೆಮಾಕ್ರಟಿಕ್ ಸಂಸದರಾಗಿದ್ದವರು, ಆಮೇಲೆ ಕಾನ್ಫೆಡರೇಟ್ (ಬೇರೆಯಾಗಲು ಹೊರಟ ದಕ್ಷಿಣ ರಾಜ್ಯಗಳ) ಕಾಂಗ್ರೆಸ್‌ನಲ್ಲಿ ಕೂತವರು, 1879ರಲ್ಲಿ ನ್ಯಾಯಾಧೀಶರಾಗಿದ್ದಾಗ ಕೆಂಟಕಿಯ ರಾಜಧಾನಿ ಫ್ರಾಂಕ್‌ಫರ್ಟ್‌ನಲ್ಲಿ ಗುಂಡಿಗೆ ಬಲಿಯಾದವರು. ಕೌಂಟಿಯ ಹೆಸರು ಆ ಮನೆತನದ್ದೇ.

ಅದೇ ಪೂರ್ವ ಕೆಂಟಕಿಯಲ್ಲಿ ಯೂನಿಯನ್ (ಉತ್ತರದ) ಸೇನೆಯ ಕಡೆ ನಿಂತ ಜ್ಯಾಕ್ಸನ್ ಕೌಂಟಿ ಇದೆ. ಅಂತರ್ಯುದ್ಧ ಮುಗಿದ ಮೇಲೆ ಅಲ್ಲಿ ಒಬ್ಬ ಡೆಮಾಕ್ರಟಿಕ್ ಅಧ್ಯಕ್ಷೀಯ ಅಭ್ಯರ್ಥಿಯೂ ಗೆದ್ದಿಲ್ಲ, ರೂಸ್‌ವೆಲ್ಟ್ ಕೂಡ ಇಲ್ಲ. ಅದೇ ಬಡತನ, ಅದೇ ತಂಬಾಕು, ಅದೇ ಚರ್ಚು. 2020ರಲ್ಲಿ ಅಲ್ಲಿ ಟ್ರಂಪ್‌ಗೆ ಶೇ 89ರ ಹತ್ತಿರ. ಎರಡು ಕೌಂಟಿಗಳೂ 140 ವರ್ಷ ತದ್ವಿರುದ್ಧ ಹಾಕಿ ಈಗ ಒಂದೇ ಕಡೆ ಬಂದಿವೆ. ನೀತಿ ನೋಡಿ ಹಾಕುತ್ತಿದ್ದರೆ ಆ 140 ವರ್ಷವೇ ಇರುತ್ತಿರಲಿಲ್ಲ.

ಹೊಗೆಸೊಪ್ಪು:
ಜ್ಯಾಕ್ಸನ್‌ನ ಹೋಲಿಕೆ ಚೆನ್ನಾಗಿದೆ, ನನ್ನ ತಂಬಾಕಿನ ವಾದಕ್ಕೆ ಅದು ಏಟು, ಒಪ್ಪಿಕೊಳ್ಳಬೇಕು. ಗಣಿ ಕಡೆಗೆ ನಾಟ್ ಕೌಂಟಿಯನ್ನೂ ಇಡಿ. 1884ರಲ್ಲಿ ಹುಟ್ಟಿದಂದಿನಿಂದ 2004ರವರೆಗೆ ಪ್ರತಿ ಸಲ ಡೆಮಾಕ್ರಟಿಕ್, 2008ರಲ್ಲೇ ರಿಪಬ್ಲಿಕನ್ ಅಭ್ಯರ್ಥಿ ಮೆಕೇನ್‌ಗೆ ಹೋಯಿತು. ಎಲಿಯಟ್‌ಗಿಂತ ಎರಡು ಚುನಾವಣೆ ಮೊದಲು.

ಹೊಸಬ:
ಒಂದು ಗೊಂದಲ. 2019ರಲ್ಲಿ ಇದೇ ಎಲಿಯಟ್ ಡೆಮಾಕ್ರಟಿಕ್ ರಾಜ್ಯಪಾಲ (ಗವರ್ನರ್, ಅಲ್ಲಿ ಜನರೇ ಆರಿಸುವ ಹುದ್ದೆ) ಅಭ್ಯರ್ಥಿ ಆಂಡಿ ಬೆಶಿಯರ್‌ಗೆ ಬಹುಮತ ಕೊಟ್ಟಿತಲ್ಲ? ಮೂರು ವರ್ಷ ಹಿಂದೆ ಟ್ರಂಪ್‌ಗೆ ಶೇ 70 ಹಾಕಿದವರು? ನಮ್ಮಲ್ಲಿ ವಿಧಾನಸಭೆಗೆ ಒಂದು, ಲೋಕಸಭೆಗೆ ಇನ್ನೊಂದು ಹಾಕುವ ಹಾಗೆಯೇ?

ಓಹಾಯೋ_ಕಣಿವೆ:
ಹೋಲುತ್ತದೆ, ಆದರೆ ಕೆಂಟಕಿಯಲ್ಲಿ ಅದಕ್ಕೆ ಕ್ಯಾಲೆಂಡರೇ ಅನುಕೂಲ ಮಾಡಿಕೊಟ್ಟಿದೆ. ರಾಜ್ಯಪಾಲರ ಚುನಾವಣೆ ಬೆಸ ವರ್ಷದಲ್ಲಿ: 2015, 2019, 2023. ಕೌಂಟಿ ಹುದ್ದೆಗಳು ಅಧ್ಯಕ್ಷೀಯ ಅವಧಿಯ ನಡುವೆ: 2014, 2018, 2022. ಅಧ್ಯಕ್ಷರ ಚೀಟಿಯಲ್ಲಿ ಇವೆರಡೂ ಇರುವುದಿಲ್ಲ. ಹಾಗಾಗಿ ವಾಷಿಂಗ್ಟನ್ ಬಗ್ಗೆ ಇರುವ ಸಿಟ್ಟು ಸ್ಥಳೀಯ ಹುದ್ದೆಗೆ ತಾನಾಗಿ ಇಳಿಯುವುದಿಲ್ಲ, ಇಳಿಯಲು ಎರಡು ವರ್ಷ ಬೇಕು.

ಸ್ಥಳೀಯ ಹುದ್ದೆ ಅಂದರೆ ಎಷ್ಟು ಗೊತ್ತಾ? ಕೌಂಟಿಯ ಆಡಳಿತ ನಡೆಸುವ ಜಡ್ಜ್-ಎಕ್ಸಿಕ್ಯೂಟಿವ್, ಕ್ಲರ್ಕ್, ಶೆರಿಫ್, ಆಸ್ತಿ ಮೌಲ್ಯ ಕಟ್ಟುವ ಅಧಿಕಾರಿ, ಮ್ಯಾಜಿಸ್ಟ್ರೇಟರು (ಕೌಂಟಿ ಮಂಡಳಿ ಸದಸ್ಯರು), ಕೊನೆಗೆ ಜೈಲರ್ ಕೂಡ. ಹೌದು, ಕೆಂಟಕಿಯಲ್ಲಿ ಜೈಲರ್‌ನನ್ನೂ ಮತ ಹಾಕಿ ಆರಿಸುತ್ತಾರೆ. ಏಳು ಸಾವಿರ ಜನರ ಕೌಂಟಿಯಲ್ಲಿ ಇವರೆಲ್ಲ ಯಾರದ್ದೋ ಅಳಿಯ, ಯಾರದ್ದೋ ಸೋದರಳಿಯ.

ಈಗ ನೋಂದಣಿಗೆ ಬನ್ನಿ. ಕೆಂಟಕಿಯ ಪ್ರಾಥಮಿಕ ಚುನಾವಣೆ ಮುಚ್ಚಿದ್ದು: ಡೆಮಾಕ್ರಟಿಕ್ ಎಂದು ನೋಂದಾಯಿಸಿದವರು ಮಾತ್ರ ಡೆಮಾಕ್ರಟಿಕ್ ಪ್ರಾಥಮಿಕದಲ್ಲಿ ಹಾಕಬಹುದು. ಶೆರಿಫ್ ಯಾರು ಅನ್ನುವುದು ಮೇ ತಿಂಗಳ ಆ ಪ್ರಾಥಮಿಕದಲ್ಲೇ ತೀರ್ಮಾನವಾಗುತ್ತಿದ್ದರೆ, ಟ್ರಂಪ್‌ಗೆ ಹಾಕುವವನೂ ಡೆಮಾಕ್ರಟಿಕ್ ಆಗಿಯೇ ನೋಂದಣಿ ಉಳಿಸಿಕೊಳ್ಳುತ್ತಾನೆ. ಪಕ್ಷ ಬದಲಿಸಬೇಕಾದರೆ ಹಿಂದಿನ ವರ್ಷದ ಡಿಸೆಂಬರ್ 31ರೊಳಗೆ ಬದಲಿಸಬೇಕು. ಜನವರಿಯಲ್ಲಿ ನೆನಪಾದರೆ ಆ ವರ್ಷದ ಪ್ರಾಥಮಿಕ ತಪ್ಪಿತು. ಆದ್ದರಿಂದ ನೋಂದಣಿ ಅಂಕಿಯನ್ನು ಒಲವಿನ ಅಂಕಿ ಎಂದು ಓದಬೇಡಿ. ಅದು ಹತ್ತು ಹದಿನೈದು ವರ್ಷ ಹಿಂದೆ ಓಡುತ್ತದೆ. ರಾಜ್ಯ ಮಟ್ಟದಲ್ಲಿ ರಿಪಬ್ಲಿಕನ್ ನೋಂದಣಿ ಡೆಮಾಕ್ರಟಿಕ್ ನೋಂದಣಿಯನ್ನು ದಾಟಿದ್ದು 2022ರಲ್ಲಿ. ರಾಜ್ಯ 2000ದಿಂದ ಪ್ರತಿ ಸಲ ರಿಪಬ್ಲಿಕನ್ ಅಧ್ಯಕ್ಷೀಯ ಅಭ್ಯರ್ಥಿಗೇ ಹಾಕಿದೆ.

2019ಕ್ಕೆ ಇನ್ನೊಂದು ಸ್ಥಳೀಯ ಕಾರಣವಿದೆ: ರಾಕಿ ಆಡ್ಕಿನ್ಸ್. ಸ್ಯಾಂಡಿ ಹುಕ್‌ನವರು, 1987ರಿಂದ 2019ರವರೆಗೆ ರಾಜ್ಯದ ಕೆಳಮನೆಯಲ್ಲಿ, ಬಹುಮತ ಪಕ್ಷದ ನಾಯಕರಾಗಿದ್ದವರು. 2019ರ ರಾಜ್ಯಪಾಲ ಪ್ರಾಥಮಿಕದಲ್ಲಿ ಬೆಶಿಯರ್ ಎದುರು ಎರಡನೆಯವರಾಗಿ ಬಂದರು, ಆಮೇಲೆ ಬೆಶಿಯರ್‌ಗೆ ಹಿರಿಯ ಸಲಹೆಗಾರರಾದರು. ಬೆಶಿಯರ್ ಇಡೀ ರಾಜ್ಯದಲ್ಲಿ ಗೆದ್ದ ಅಂತರ ಸುಮಾರು 5,000 ಮತ ಮಾತ್ರ, ಅಂಥ ಲೆಕ್ಕದಲ್ಲಿ ಇಂಥ ಸಣ್ಣ ಕೌಂಟಿಗೂ ತೂಕ ಬರುತ್ತದೆ.

ಲೆಕ್ಕಿಗ:
ಇದು ನನ್ನ ಪಟ್ಟಿಯಲ್ಲಿ ಕಾಣದ ವಿಷಯ. ಹಾಗಾದರೆ ಅಧ್ಯಕ್ಷೀಯ ಮತ ಮೊದಲು ಹೋಗುತ್ತದೆ, ಆಮೇಲೆ ಸೆನೆಟ್, ಆಮೇಲೆ ಶಾಸಕ, ಕೊನೆಗೆ ಜೈಲರ್.

ಓಹಾಯೋ_ಕಣಿವೆ:
ಸರಿಸುಮಾರು ಆ ಕ್ರಮವೇ. ರಾಜ್ಯದ ಕೆಳಮನೆ 2016ರ ನವೆಂಬರ್‌ನಲ್ಲಿ ರಿಪಬ್ಲಿಕನ್ ಕೈಗೆ ಹೋಯಿತು, 1920ರ ದಶಕದ ಆರಂಭದ ನಂತರ ಮೊದಲ ಬಾರಿ. ನೆರೆಯ ಕಾರ್ಟರ್ ಕೌಂಟಿಯ ರಾಜ್ಯ ಸೆನೆಟರ್ ರಾಬಿನ್ ವೆಬ್ 2025ರಲ್ಲಿ ಡೆಮಾಕ್ರಟಿಕ್ ಪಕ್ಷ ಬಿಟ್ಟು ರಿಪಬ್ಲಿಕನ್ ಆದರು. ಮತದಾರರು ಹೋಗಿ ಎಷ್ಟೋ ವರ್ಷದ ಮೇಲೆ ಪ್ರತಿನಿಧಿ ಹೋದಂತಾಯಿತು.

ಇನ್ನೊಂದು ಎಚ್ಚರಿಕೆ. ಕೆಂಟಕಿಯ ಚೀಟಿಯಲ್ಲಿ ಇಡೀ ಪಕ್ಷಕ್ಕೆ ಒಂದೇ ಗುರುತು ಹಾಕುವ ಚೌಕ ಇನ್ನೂ ಇದೆ. ಅದಕ್ಕೆ ಗುರುತು ಹಾಕಿ, ಕೆಳಗೆ ಒಬ್ಬಿಬ್ಬರಿಗೆ ಮಾತ್ರ ಬೇರೆ ಪಕ್ಷದಲ್ಲಿ ಗುರುತು ಹಾಕಿದರೆ ಆ ಹುದ್ದೆಗಳಿಗೆ ಕೆಳಗಿನ ಗುರುತೇ ಲೆಕ್ಕ. ಹಿಂದೆ ಈ ಚೌಕ ಸ್ಥಳೀಯ ಡೆಮಾಕ್ರಟಿಕರನ್ನು ಕಾಯುತ್ತಿತ್ತು, ಈಗ ಅದೇ ಚೌಕ ಅವರನ್ನು ಕೆಡವುತ್ತಿದೆ.

ನಕಾಶೆಗಾರ:
ಮತದಾನ ಪ್ರಮಾಣದ ಬಗ್ಗೆ ಒಂದು ಮಾತು, ಲೆಕ್ಕಿಗರ ಮೊದಲ ವಾದಕ್ಕೆ ಇದು ಮುಖ್ಯ. "ಮನೆಯಲ್ಲಿ ಕುಳಿತರು" ಅನ್ನಬೇಕಾದರೆ ಛೇದ ಬೇಕು. ಸುಲಭಕ್ಕೆ ಎಲ್ಲರೂ ಜನಗಣತಿಯ ವಯಸ್ಕರ ಸಂಖ್ಯೆ ತೆಗೆದುಕೊಳ್ಳುತ್ತಾರೆ. ಎಲಿಯಟ್‌ನಲ್ಲಿ ಅದು ಕೈಕೊಡುತ್ತದೆ. 2000ದಲ್ಲಿ ಜನಸಂಖ್ಯೆ 6,748, 2010ರಲ್ಲಿ 7,852, 2020ರಲ್ಲಿ 7,354. ಸುತ್ತಲಿನ ಗುಡ್ಡಗಾಡು ಕರಗುತ್ತಿರುವಾಗ ಇದು ಬೆಳೆದದ್ದು ಹೇಗೆ? ನಡುವೆ ಲಿಟಲ್ ಸ್ಯಾಂಡಿ ರಾಜ್ಯ ಕಾರಾಗೃಹ ತೆರೆಯಿತು, ಸುಮಾರು ಸಾವಿರ ಕೈದಿಗಳದ್ದು. ಜನಗಣತಿ ಕೈದಿಯನ್ನು ಜೈಲಿರುವ ಜಾಗದಲ್ಲೇ ಎಣಿಸುತ್ತದೆ. ಅವರು ವಯಸ್ಕರು, ಎಣಿಕೆಯಲ್ಲಿ ಇದ್ದಾರೆ, ಮತ ಹಾಕುವಂತಿಲ್ಲ.

ಆ ಸಾವಿರವನ್ನು ಕಳೆಯದೆ ಭಾಗಿಸಿದರೆ 2004ರಿಂದ 2012ಕ್ಕೆ ಮತದಾನ ಪ್ರಮಾಣ ನಿಜಕ್ಕಿಂತ ಹೆಚ್ಚು ಕುಸಿದಂತೆ ಕಾಣುತ್ತದೆ. ಕಳೆಯುವುದು ಹೇಗೆಂದರೆ, ಜನಗಣತಿಯಲ್ಲಿ "ಗುಂಪು ವಸತಿ" ಎಂಬ ಕೋಷ್ಟಕ ಇದೆ, ಅದರೊಳಗೆ ವಯಸ್ಕರ ಕಾರಾಗೃಹ ಅನ್ನುವ ಸಾಲು. ಅಷ್ಟನ್ನು 18 ದಾಟಿದವರ ಸಂಖ್ಯೆಯಿಂದ ತೆಗೆಯಿರಿ. 2010ರ ನಂತರದ ಜನಾಂಗವಾರು ಅಂಕಿಯನ್ನೂ ಹೀಗೆಯೇ ಸೋಸಬೇಕು, ಇಲ್ಲವಾದರೆ ಜೈಲನ್ನು ವಲಸೆ ಎಂದು ತಿಳಿದು ಸಿದ್ಧಾಂತ ಕಟ್ಟುತ್ತೀರಿ. ಅಂಥ ಲೇಖನಗಳನ್ನು ನೋಡಿದ್ದೇವೆ.

ಲೆಕ್ಕಿಗರ 500ಕ್ಕೆ ಇದರಿಂದ ಧಕ್ಕೆ ಇಲ್ಲ, ಅದು ನೇರ ಮತ ಎಣಿಕೆ. ಪ್ರಮಾಣ ಲೆಕ್ಕ ಹಾಕುವವರಿಗೆ ಹೇಳಿದೆ.

ಹೊಸಬ:
ಇದನ್ನೇ ಬೇರೆ ಕೌಂಟಿಗೆ ಮಾಡಬೇಕಾದರೆ ಅಂಕಿ ಎಲ್ಲಿ? ಎಕ್ಸೆಲ್‌ನಲ್ಲಿ ಆಗುತ್ತದೆಯೇ?

ನಕಾಶೆಗಾರ:
ಆಗುತ್ತದೆ. ಎಂಐಟಿಯ ಚುನಾವಣಾ ದತ್ತಾಂಶ ಪ್ರಯೋಗಾಲಯ 2000ದಿಂದ ಮುಂದಿನ ಕೌಂಟಿವಾರು ಅಧ್ಯಕ್ಷೀಯ ಫಲಿತಾಂಶವನ್ನು ಒಂದೇ ಕಡತದಲ್ಲಿ ಉಚಿತವಾಗಿ ಕೊಡುತ್ತದೆ. ಅದಕ್ಕಿಂತ ಹಳೆಯದಕ್ಕೆ ಡೇವಿಡ್ ಲೈಪ್ ಅವರ ಅಟ್ಲಾಸ್. ಅಂತಿಮವಾಗಿ ರಾಜ್ಯ ಚುನಾವಣಾ ಮಂಡಳಿಯ ದೃಢೀಕೃತ ಫಲಿತಾಂಶದ ಜೊತೆ ತಾಳೆ ನೋಡಿ. ಮತ ಎಣಿಕೆ ರಾತ್ರಿಯ ಟಿವಿ ಅಂಕಿಯನ್ನು ಎಂದಿಗೂ ಉಳಿಸಿಕೊಳ್ಳಬೇಡಿ.

ಎಡವುವ ಜಾಗಗಳು. ಕೌಂಟಿಗೆ ಐದಂಕಿಯ ಫಿಪ್ಸ್ ಸಂಕೇತ ಇರುತ್ತದೆ, ಎಲಿಯಟ್‌ಗೆ 21063, ಮೊದಲ ಎರಡು ಅಂಕಿ ರಾಜ್ಯದ್ದು. ಹೆಸರಿನಿಂದ ಜೋಡಿಸಬೇಡಿ, ಜ್ಯಾಕ್ಸನ್ ಕೌಂಟಿ ಹತ್ತಾರು ರಾಜ್ಯದಲ್ಲಿದೆ. ಎಕ್ಸೆಲ್ ಈ ಸಂಕೇತವನ್ನು ಸಂಖ್ಯೆ ಎಂದು ತಿಳಿದು ಮುಂದಿನ ಸೊನ್ನೆ ನುಂಗುತ್ತದೆ. ಕೆಂಟಕಿಗೆ ತೊಂದರೆಯಿಲ್ಲ, ಅಲಬಾಮಾದ 01001 ಮಾತ್ರ 1001 ಆಗಿ ಯಾವುದಕ್ಕೂ ಕೂಡುವುದಿಲ್ಲ. ಕಡತ ತೆರೆಯುವಾಗಲೇ ಆ ಕಾಲಂ ಪಠ್ಯ ಎಂದು ಗುರುತಿಸಿ.

2020ರಲ್ಲಿ ಕೆಲವು ರಾಜ್ಯಗಳ ಮತ ಅಂಚೆ, ಮುಂಗಡ, ಚುನಾವಣೆ ದಿನ ಎಂದು ಮೂರ್ನಾಲ್ಕು ಸಾಲಿನಲ್ಲಿ ಒಡೆದಿರುತ್ತದೆ. ಮೊದಲ ಸಾಲು ಮಾತ್ರ ಎತ್ತಿಕೊಂಡರೆ ಟ್ರಂಪ್ ಎಲ್ಲೆಡೆ ಸೋತಂತೆಯೋ ಗೆದ್ದಂತೆಯೋ ಕಾಣುತ್ತದೆ. ಅಭ್ಯರ್ಥಿವಾರು ಕೂಡಿಸಿ, ಒಟ್ಟು ಮತದ ಕಾಲಂ ಜೊತೆ ಹೊಂದುತ್ತದೆಯೇ ನೋಡಿ. ಸೌತ್ ಡಕೋಟಾದ ಶ್ಯಾನನ್ ಕೌಂಟಿ 2015ರಲ್ಲಿ ಓಗ್ಲಾಲಾ ಲಕೋಟಾ ಆಯಿತು, ಸಂಕೇತ 46113ರಿಂದ 46102. ಅಲಾಸ್ಕಾದ ಫಲಿತಾಂಶ ಕೌಂಟಿವಾರು ಬರುವುದೇ ಇಲ್ಲ, ಅದನ್ನು ಬಿಟ್ಟುಬಿಡಿ.

ಮತಗಟ್ಟೆ ಮಟ್ಟಕ್ಕೆ ಇಳಿಯುವ ಆಸೆ ಇದ್ದರೆ 2020ಕ್ಕಿಂತ ಮುಂಚಿನ ವರ್ಷಗಳನ್ನೇ ತಮ್ಮತಮ್ಮೊಳಗೆ ಹೋಲಿಸಿ. ಆಮೇಲೆ ಕೆಂಟಕಿಯಲ್ಲಿ ಮುಂಗಡ ಮತದಾನ ಬಂತು, ಕೌಂಟಿಯ ಯಾರು ಬೇಕಾದರೂ ಹಾಕಬಹುದಾದ ಮತಕೇಂದ್ರಗಳೂ ಬಂದವು. ಹಳೆಯ ಗಟ್ಟೆಯ ಅಂಕಿ, ಹೊಸ ಗಟ್ಟೆಯ ಅಂಕಿ ಒಂದೇ ಜನರದ್ದಲ್ಲ.

ಕಡಲತೀರ:
2024ರಲ್ಲಿ ಟ್ರಂಪ್‌ಗೆ ಇಲ್ಲಿ ಶೇ 80ರ ಆಸುಪಾಸು. ಲೆಕ್ಕಿಗರೇ, ನಿಮ್ಮ ಪಟ್ಟಿಯ ಪ್ರಕಾರ ಡೆಮಾಕ್ರಟಿಕ್ ಮತ 2016ರ 740ರಿಂದ 2020ರ 710ಕ್ಕೆ ಬರೀ 30 ಇಳಿಯಿತು, ರಿಪಬ್ಲಿಕನ್ 250 ಏರಿತು. ಅಂದರೆ ಮತಾಂತರದ ಕಾಲ 2016ಕ್ಕೇ ಮುಗಿಯಿತು, ಆಮೇಲಿನದ್ದು ಬರೀ ಹೊಸ ಮತದಾರರು. ಅಲ್ಲವೇ?

ಲೆಕ್ಕಿಗ:
2020ಕ್ಕೆ ಹಾಗೆ ಓದಬಹುದು, ಸಂಶಯಪಿಶಾಚಿಯವರು ಈಗ ಬಂದು ಅಜ್ಜ-ಮೊಮ್ಮಗನನ್ನು ನೆನಪಿಸುತ್ತಾರೆ, ಅದಕ್ಕೆ ಮೊದಲೇ ಹೇಳಿಬಿಡುತ್ತೇನೆ: ಇದೂ ಮೊತ್ತದ ಮಾತೇ. ಇದನ್ನು ಪರೀಕ್ಷಿಸಲು ಮತದಾರರ ಪಟ್ಟಿ ಬೇಕು. ಅದರಲ್ಲಿ ಯಾರಿಗೆ ಹಾಕಿದರು ಅನ್ನುವುದಿರುವುದಿಲ್ಲ, ಯಾವ ಚುನಾವಣೆಯಲ್ಲಿ ಹಾಕಿದರು, ವಯಸ್ಸೆಷ್ಟು ಅನ್ನುವುದು ಸಾಕು. 2020ರಲ್ಲಿ ಹಾಕಿ 2016ರಲ್ಲಿ ಹಾಕದವರು ಮೂವತ್ತರ ಕೆಳಗಿನವರೋ ಐವತ್ತರ ಮೇಲಿನವರೋ ನೋಡಿದರೆ ಹೊಸಬರೋ ಹಳಬರೋ ಗೊತ್ತಾಗುತ್ತದೆ.

ಸಂಶಯಪಿಶಾಚಿ:
ಬಂದೆ. ಈ ಸಲ ತಕರಾರಿಲ್ಲ. ಐವತ್ತರ ಮೇಲಿನವರೇ ಹೆಚ್ಚಿದ್ದರೆ ನಿಮ್ಮ "ಮನೆಯಲ್ಲಿ ಕುಳಿತವರು" ವಾದಕ್ಕೆ ಬಲ, ಇಲ್ಲದಿದ್ದರೆ ನನ್ನದಕ್ಕೆ.

ಓಹಾಯೋ_ಕಣಿವೆ:
ಪಟ್ಟಿ ಸಿಗುವವರೆಗೆ ಇನ್ನೊಂದು ಅಗ್ಗದ ಸೂಚಕ ಇದೆ. ಕೌಂಟಿ ಹುದ್ದೆಗಳ ವರ್ಷದಲ್ಲಿ ಶೆರಿಫ್, ಜೈಲರ್, ಮ್ಯಾಜಿಸ್ಟ್ರೇಟ್‌ಗೆ ಎರಡೂ ಪ್ರಾಥಮಿಕಗಳಲ್ಲಿ ಎಷ್ಟೆಷ್ಟು ಜನ ನಾಮಪತ್ರ ಹಾಕಿದ್ದಾರೆ ಎಂದು ಎಣಿಸಿ. ಕೌಂಟಿ ಕ್ಲರ್ಕ್ ಕಚೇರಿಯಲ್ಲಿ ಜನವರಿಯಲ್ಲೇ ಸಿಗುತ್ತದೆ. ಡೆಮಾಕ್ರಟಿಕ್ ಕಡೆ ಒಂದು ಹುದ್ದೆಗೆ ನಾಲ್ವರು, ರಿಪಬ್ಲಿಕನ್ ಕಡೆ ಯಾರೂ ಇಲ್ಲ ಅಂದರೆ ಸ್ಪರ್ಧೆ ಇನ್ನೂ ಹಳೆಯ ಮನೆಯಲ್ಲೇ. ಆ ಅನುಪಾತ ತಿರುಗಿದ ವರ್ಷದ ಹಿಂದಿನ ಡಿಸೆಂಬರ್‌ನಲ್ಲಿ ನೋಂದಣಿ ಬದಲಾವಣೆ ಒಮ್ಮೆಲೆ ಜಿಗಿದಿರುತ್ತದೆ. ರಾಜ್ಯ ಮಂಡಳಿಯ ತಿಂಗಳವಾರು ನೋಂದಣಿ ವರದಿಯಲ್ಲಿ ನವೆಂಬರ್ ಮತ್ತು ಜನವರಿ ಸಾಲುಗಳನ್ನು ಕಳೆದರೆ ಸಾಕು.